ದೇವರ ಪೆಟ್ಟಿಗೆಯ ಎಡ ಹಿಡಿಕೆ

ದೇವರ ಪೆಟ್ಟಿಗೆ ಬಿದ್ದದ್ದು ತಿಪ್ಪೇಶಿ ವ್ರತ ಕೆಡಿಸಿದ್ದಕ್ಕಲ್ಲ. ನಾನು ಕೊರೆದ ತೂತು ದೊಡ್ಡದಾಗಿತ್ತು, ಅದಕ್ಕೆ. ಸ್ಕ್ರೂ ಎಷ್ಟು ದಪ್ಪವೋ ತೂತೂ ಅಷ್ಟೇ ದಪ್ಪ ಕೊರೆದಿದ್ದೆ. ನನಗೆ ಅದು ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಊರ ಮುಂದೆ ಅವನ ಕಡೆ ಬೆರಳು ತೋರಿಸಿದೆ — ಬೆರಳನ್ನೂ ಎತ್ತಲಿಲ್ಲ, ಮಾತಿನಲ್ಲೇ ತೋರಿಸಿದೆ. ವ್ಯಾಪಾರ ಮಾಡುವವನು ನಾನು. ಬೆರಳೆತ್ತಿ ಸಿಕ್ಕಿಬೀಳುವಷ್ಟು ದಡ್ಡನಲ್ಲ.

ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ ಇದೆ. ಅಪ್ಪ ಕೊಟ್ಟದ್ದಲ್ಲ, ಮಾವ ಕೊಟ್ಟದ್ದಲ್ಲ. ಬಸ್ ಸ್ಟ್ಯಾಂಡ್ ಪಕ್ಕ ಗೋಣಿಚೀಲ ಹಾಸಿ ಚಿಲಕ, ಕೀಲು ಮಾರಿ ಮೇಲೆ ಬಂದವನು. ಯಾವ ಗಿರಾಕಿ ಕೊಳ್ಳುತ್ತಾನೆ, ಯಾವನು ಸುಮ್ಮನೆ ಮುಟ್ಟಿ ನೋಡಿ ಹೋಗುತ್ತಾನೆ ಅನ್ನೋದು ಅವನು ಮೆಟ್ಟಿಲು ಹತ್ತುವಾಗಲೇ ಗೊತ್ತಾಗುತ್ತೆ ನನಗೆ. ಜೊತೆಗೆ ಬಿಟ್ಟಿ ಸಲಹೆ ಕೊಡುವ ಚಟ ಬೇರೆ. ಕೇಳಲಿ ಬಿಡಲಿ, ಹೇಳುತ್ತೇನೆ. ಈಗಲೂ ಹೇಳುತ್ತೇನೆ, ಕೇಳಿ, ಯಾಕೆಂದರೆ ನನ್ನ ಪಾಪ ಇದರೊಳಗೇ ಇದೆ.

ಮರಕ್ಕೆ ಸ್ಕ್ರೂ ಹಾಕುವ ಮುಂಚೆ ತೂತು ಕೊರೆಯಬೇಕು. ನಮ್ಮ ಕಡೆಯ ಶೂರರು ಕೊರೆಯುವುದಿಲ್ಲ. ಸ್ಕ್ರೂನ ಮೊಳೆ ಥರ ಸುತ್ತಿಗೆಯಲ್ಲಿ ಬಡಿದು, ಕೊನೆಗೆ ಮನೆಯವರು ನೋಡಲಿ ಅಂತ ಎರಡು ತಿರುವು ತಿರುವುತ್ತಾರೆ. ಅವರ ಬಾಗಿಲು ವರ್ಷ ತುಂಬುವುದರೊಳಗೆ ಜೋತು ಬೀಳುತ್ತೆ. ಬೀಳಲಿ. ಇನ್ನು ಕೆಲವರು ಕೊರೆಯುತ್ತಾರೆ, ಆದರೆ ಡ್ರಿಲ್‌ಗೆ ಯಾವ ಬಿಟ್, ಅಂದರೆ ಕೊರೆಯುವ ಕಡ್ಡಿ, ಸಿಕ್ಕಿಸಿದೆಯೋ ಅದರಲ್ಲೇ. ಬಿಟ್ ಬದಲಿಸಲು ಸೋಮಾರಿತನ. ಅವರಿಗೆ ನಾನು ಹೇಳುವುದು ಇಷ್ಟೆ: ಸ್ಕ್ರೂ ಮುಂದೆ ಬಿಟ್ ಹಿಡಿದು ಬೆಳಕಿಗೆ ನೋಡು. ಸ್ಕ್ರೂನ ನಡುವಿನ ಕಂಬಿ ಬಿಟ್‌ನ ಹಿಂದೆ ಮರೆಯಾಗಬೇಕು, ಅದರ ಸುತ್ತಿನ ಹಲ್ಲುಗಳು ಎರಡೂ ಪಕ್ಕ ಕಾಣಬೇಕು. ಹಲ್ಲೂ ಮರೆಯಾದರೆ ಬಿಟ್ ದಪ್ಪವಾಯಿತು, ಸ್ಕ್ರೂ ಮರವನ್ನು ಕಚ್ಚುವುದೇ ಇಲ್ಲ. ಕಂಬಿ ಇಣುಕಿದರೆ ಬಿಟ್ ಸಣ್ಣದಾಯಿತು, ಮರ ಸೀಳುತ್ತೆ, ಇಲ್ಲವೇ ಸ್ಕ್ರೂ ತಲೆ ಕಿತ್ತು ಕೈಗೆ ಬರುತ್ತೆ. ಜಾಲಿಯಂಥ ಗಟ್ಟಿ ಮರಕ್ಕೆ ಕೂದಲೆಳೆಯಷ್ಟು ದಪ್ಪ, ಮೆತ್ತನೆ ಮರಕ್ಕೆ ಕೂದಲೆಳೆಯಷ್ಟು ಸಣ್ಣ. ಹಿತ್ತಾಳೆ ಸ್ಕ್ರೂ ಆದರೆ ಇನ್ನೂ ಜೋಪಾನ. ಅದು ನೋಡಲು ಚಿನ್ನ, ಒಳಗೆ ಬೆಣ್ಣೆ. ಮೊದಲು ಅದೇ ಅಳತೆಯ ಕಬ್ಬಿಣದ ಸ್ಕ್ರೂ ತಿರುಗಿಸಿ ದಾರಿ ಮಾಡಿ, ಬಿಚ್ಚಿ, ಆಮೇಲೆ ಹಿತ್ತಾಳೆಯದನ್ನು ಸ್ವಲ್ಪ ಸೋಪು ಸವರಿ ಹಾಕಬೇಕು.

ಇದು ನನಗೆ ಆವತ್ತೂ ಗೊತ್ತಿತ್ತು. ಗೊತ್ತಿರಲಿಲ್ಲ ಅಂತ ಬರೆಯುವ ಭಾಗ್ಯವೂ ನನಗಿಲ್ಲ.

ನಮ್ಮೂರು ದೇವಸಮುದ್ರದ ಕಡೆ. ಊರ ಹೆಸರು ಬೇಡ. ಅಲ್ಲಿ ನಮ್ಮ ಬಂಧುಬಳಗದ ಮನೆದೇವರಿಗೆ ವಿಗ್ರಹವಿಲ್ಲ, ಪೆಟ್ಟಿಗೆಯೇ ದೇವರು. ಒಳಗೆ ಹಿರಿಯರ ಕಾಲದಿಂದ ಬಂದ ಏನೋ ಒಂದು ಬಟ್ಟೆಗಂಟಿನಲ್ಲಿದೆ. ಪೂಜಾರಿ ಬಿಟ್ಟು ಯಾರೂ ನೋಡುವಂತಿಲ್ಲ. ವರ್ಷಕ್ಕೊಂದು ಸಲ ಇಬ್ಬರು ಎರಡು ಕಡೆ ಹಿಡಿಕೆ ಹಿಡಿದು ಪೆಟ್ಟಿಗೆಯನ್ನು ಹಳ್ಳಕ್ಕೆ ಒಯ್ದು, ನೀರು ಚಿಮುಕಿಸಿ ತರುತ್ತಾರೆ. ಬಲಗಡೆ ಪೂಜಾರಿ ಮನೆಯವರು. ಎಡಗಡೆ ನನ್ನ ಸೋದರಮಾವನ ಮನೆಯವರು, ಅಂದರೆ ಮಾವ ತೀರಿಹೋದ ಮೇಲೆ ಅವನ ಮಗ ತಿಪ್ಪೇಶಿ.

ತಿಪ್ಪೇಶಿ ಬಡಗಿ ಕೆಲಸ ಮಾಡುತ್ತಿದ್ದ. ಹೊಗಳುವ ಅಗತ್ಯವಿಲ್ಲ, ಮಹಾ ಬಡಾಯಿಕೋರ. "ಈ ಕೈ ಬಿಗಿದಿದ್ದು ಅಲ್ಲಾಡಲ್ಲ ಭಾವ" ಅನ್ನೋದು ಅವನ ಮಾತು. ಆದರೆ ಸಂಜೆಯಾದರೆ ಆ ಕೈಯೇ ಅಲ್ಲಾಡುತ್ತಿತ್ತು. ಅಷ್ಟು ಕುಡಿಯುತ್ತಿದ್ದ. ಬೇರೆಯವರ ಬಾಗಿಲಿಗೆ ಅವನೂ ಸ್ಕ್ರೂನ ಸುತ್ತಿಗೆಯಲ್ಲಿ ಬಡಿದವನೇ, ನಾನೇ ನೋಡಿ ಬೈದಿದ್ದೇನೆ. "ನಿನ್ನ ಅಂಗಡಿ ನಡೀಬೇಕಲ್ಲ ಭಾವ, ಎಲ್ಲಾ ಗಟ್ಟಿ ಕೂತ್ರೆ ಯಾವನು ಬರ್ತಾನೆ?" ಅಂತ ಹಲ್ಲು ಕಿರಿಯುತ್ತಿದ್ದ. ಇಂಥವನನ್ನು ಕಂಡರೆ ನನಗೆ ಅಸಡ್ಡೆ. ಬಂಧು ಅನ್ನೋ ಕಾರಣಕ್ಕೆ ಅಸಡ್ಡೆ ಜಾಸ್ತಿಯೇ ಆಗಿತ್ತು.

ಹಳೇ ಪೆಟ್ಟಿಗೆಗೆ ಗೆದ್ದಲು ಹಿಡಿಯಿತು. ಹೊಸದು ಮಾಡಬೇಕು ಅಂತ ಹಿರಿಯರು ಕೂತರು. ದೇವರ ಬನದಲ್ಲಿ ತಾನಾಗಿ ಬಿದ್ದ ಬೇವಿನ ಮರ ಇತ್ತು, ಅದರದ್ದೇ ಹಲಗೆ ಅಂತಾಯಿತು. ಕಟ್ಟುಪಾಡು ಹಳೆಯವೇ. ಮಾಡುವವನು ಕೆಲಸ ಮುಗಿಯುವ ತನಕ ಒಪ್ಪತ್ತು ಊಟ ಮಾಡಬೇಕು, ಬಾಡು ಬೇಡ, ಕುಡಿತ ಬೇಡ, ಮನೆಯಲ್ಲಿ ಮಲಗುವಂತಿಲ್ಲ, ಪ್ರತಿ ಸಲ ಕೈ ಹಾಕುವ ಮುಂಚೆ ಸ್ನಾನ. ಗುಡಿ ಪಕ್ಕದ ಕೋಣೆಗೆ ಪರದೆ ಕಟ್ಟಿ ಒಳಗೇ ಕೆಲಸ, ವ್ರತ ಹಿಡಿಯದವನು ಪರದೆ ದಾಟುವಂತಿಲ್ಲ. ಹತಾರ ಕಬ್ಬಿಣದ್ದಿರಲಿ, ಆದರೆ ಪೆಟ್ಟಿಗೆಯಲ್ಲಿ ಕಬ್ಬಿಣ ಉಳಿಯಬಾರದು. ಇನ್ನೊಂದು: ಹಿಡಿಕೆಯ ಸ್ಕ್ರೂ ಹಲಗೆ ದಾಟಿ ಪೆಟ್ಟಿಗೆಯ ಒಳಗೆ ಮೊನೆ ಚಾಚಬಾರದು. ಅಂದರೆ ಬೋಲ್ಟು ತೂರಿಸಿ ಆ ಕಡೆಯಿಂದ ನಟ್ಟು ಬಿಗಿಯುವ ಹಾಗಿಲ್ಲ. ಹೊರಗಿನಿಂದ ಹಾಕಿದ ಹಿತ್ತಾಳೆ ಸ್ಕ್ರೂ ಹಲಗೆಯ ಅರ್ಧದಲ್ಲೇ ನಿಂತು ಇಡೀ ದೇವರ ಭಾರ ಹೊರಬೇಕು. ತೂತಿನ ಅಳತೆ ಬಿಟ್ಟು ಬೇರೆ ಆಸರೆಯೇ ಇಲ್ಲ.

ಮಾಡುವವನು ತಿಪ್ಪೇಶಿ ಅಂತಾದಾಗ ಊರೆಲ್ಲ ನಕ್ಕಿತು. "ಅವ್ನು ಕುಡೀದೇ ಇರ್ತಾನಾ? ದೇವರೇ ಕುಡ್ಕಂಡು ಹಳ್ಳಕ್ಕೋಗ್ಬೇಕು" ಅಂದ ಒಬ್ಬ. ನಾನೂ ನಕ್ಕೆ. ಆದರೆ ಅವನು ವ್ರತ ಹಿಡಿದ. ನಿಜಕ್ಕೂ ಹಿಡಿದ. ನಾನು ಹಿತ್ತಾಳೆ ಹಿಡಿಕೆ, ಸ್ಕ್ರೂ ಕೊಡುವುದು ಅಂತಾಗಿತ್ತು. ಕೊಡಲು ಹೋದಾಗ ನೋಡಿದರೆ ಮನುಷ್ಯ ಇಳಿದುಹೋಗಿದ್ದ, ಕಣ್ಣು ತಿಳಿಯಾಗಿತ್ತು. ಬಡಾಯಿ ಕೂಡ ಕಮ್ಮಿಯಾಗಿತ್ತು. ನನಗೆ ಅದು ಹಿಡಿಸಲಿಲ್ಲ — ಯಾಕೆ ಅಂತ ಆಗ ಯೋಚಿಸಲಿಲ್ಲ. ನಗಲು ಅಂತ ಇಟ್ಟುಕೊಂಡವನು ಕೈಬಿಟ್ಟು ಹೋಗುತ್ತಿದ್ದಾನೆ ಅಂತಲೋ ಏನೋ.

ಬಲಗಡೆಯ ಹಿಡಿಕೆ ಅವನೇ ಹಾಕಿ ಮುಗಿಸಿದ್ದ. ಎಡದ್ದು ಉಳಿದಿತ್ತು. ನಾನು ಅಂಗಡಿಯಿಂದ ಹೊಸ ಬ್ಯಾಟರಿ ಡ್ರಿಲ್ ತಂದಿದ್ದೆ. ತೋರಿಸಬೇಕಲ್ಲ! ಚಳ್ಳಕೆರೆಯ ಸಾಹುಕಾರ ಬರಿಗೈಲಿ ಬರುತ್ತಾನೆಯೇ? ಪರದೆ ಹೊರಗೆ ನಿಂತು, "ಲೇ ತಿಪ್ಪೇಶಿ, ಒಂದ್ಸಲ ಒಳಗೆ ಬಿಡು, ನೋಡ್ತೀನಿ" ಅಂದೆ.

"ಬ್ಯಾಡ ಭಾವ. ವ್ರತ ಹಿಡೀದೋರು ಬರಬಾರ್ದು."

"ಹಿಡಿಕೆ ಕೊಟ್ಟೋನು ನಾನು. ಕೊಟ್ಟ ಸಾಮಾನು ಹೆಂಗ್ ಕೂತೈತೆ ನೋಡಬಾರ್ದಾ?"

ಚೌಕಾಸಿಯಲ್ಲಿ ನನ್ನನ್ನು ಗೆದ್ದವರಿಲ್ಲ. ಅವನು ಆ ಕಡೆ ಈ ಕಡೆ ನೋಡಿ ಪರದೆ ಎತ್ತಿದ. "ನೋಡಿ ಹೋಗ್ಬಿಡು ಭಾವ, ಮುಟ್ಬ್ಯಾಡ. ನಾನು ಸ್ನಾನ ಮಾಡ್ಕಂಡ್ ಬರ್ತೀನಿ" ಅಂತ ಹಳ್ಳದ ಕಡೆ ಹೋದ.

ಅಲ್ಲಿ ನಾನು ಒಬ್ಬನೇ. ಶುದ್ಧದ ಲೆಕ್ಕ ಕೇಳುವವರಿಗೆ ಇದನ್ನೂ ಹೇಳಿಬಿಡುತ್ತೇನೆ: ಅವತ್ತು ಬರುವ ದಾರಿಯಲ್ಲಿ ಬಿ.ಜಿ. ಕೆರೆಯಲ್ಲಿ ಇಳಿದು ತಲೆಮಾಂಸ ತಿಂದು ಬಂದಿದ್ದೆ. ಆದರೆ ಪೆಟ್ಟಿಗೆ ಬಿದ್ದದ್ದು ತಲೆಮಾಂಸಕ್ಕಲ್ಲ.

ಎಡ ಹಿಡಿಕೆ ನಾನೇ ಹಾಕಿಬಿಡೋಣ ಅನ್ನಿಸಿತು. ಭಕ್ತಿಯಲ್ಲ. ನಾಳೆ ಎಲ್ಲರೂ ಹಿಡಿಯುವುದು ನಾನು ಬಿಗಿದದ್ದನ್ನೇ ಅನ್ನುವ ಸೊಕ್ಕು. ಡ್ರಿಲ್‌ಗೆ ಸಿಕ್ಕಿಸಿದ್ದು ಸಣ್ಣ ಬಿಟ್, ಅದರಲ್ಲೇ ಕೊರೆದೆ. ಬೆಳಕಿಗೆ ಹಿಡಿದು ನೋಡಲಿಲ್ಲ — ಊರಿಗೆಲ್ಲ ಪಾಠ ಹೇಳುವವನು ನೋಡಲಿಲ್ಲ. ಕಬ್ಬಿಣದ ಸ್ಕ್ರೂ ಹಾಕಿ ದಾರಿ ಮಾಡಲಿಲ್ಲ. ಸೋಪಿಲ್ಲ. ನೇರ ಹಿತ್ತಾಳೆ ಸ್ಕ್ರೂ ಇಟ್ಟು ಡ್ರಿಲ್ ಒತ್ತಿದೆ. ಅರ್ಧ ಹೋಗಿ ಕಟ್ ಅಂತ ತಲೆ ಕಿತ್ತು ಬಂತು. ಮುರಿದ ತುಂಡು ಬೇವಿನೊಳಗೆ ಉಳಿಯಿತು.

ಅವನು ಬಂದು ನೋಡಿದರೆ ನಗುತ್ತಾನೆ — ತಿಪ್ಪೇಶಿ ನನ್ನ ನೋಡಿ ನಗುವುದು! ಹಿಡಿಕೆಯ ತಗಡನ್ನು ಒಂದು ಬೆರಳಷ್ಟು ಕೆಳಕ್ಕೆ ಸರಿಸಿ ಮುರಿದದ್ದನ್ನು ಮುಚ್ಚಿದೆ. ಈ ಸಲ ಮುರಿಯಬಾರದಲ್ಲ, ಚೀಲದಲ್ಲಿದ್ದ ದಪ್ಪ ಬಿಟ್ ಸಿಕ್ಕಿಸಿ ಅಷ್ಟೂ ತೂತು ಕೊರೆದೆ. ಸ್ಕ್ರೂ ಇಟ್ಟರೆ ಬೆರಳಲ್ಲೇ ಒಳಗೆ ಹೋಯಿತು. ಎಳೆದರೆ ಬೆರಳಲ್ಲೇ ಹೊರಗೆ ಬಂತು.

ಆಗಲೂ ಸಮಯವಿತ್ತು. ಬೇವಿನ ಗೂಟ ಮಾಡಿ ತೂತು ತುಂಬಿ ಹೊಸದಾಗಿ ಕೊರೆಯಬಹುದಿತ್ತು. ತಿಪ್ಪೇಶಿಗೆ ಹೇಳಬಹುದಿತ್ತು. ನಾನು ಮಾಡಿದ್ದೇನು ಗೊತ್ತೇ? ಮರದ ಪುಡಿಗೆ ಗೋಂದು ಕಲಸಿ ತೂತಿಗೆ ತುಂಬಿ ಸ್ಕ್ರೂ ಒತ್ತಿ ಕೂರಿಸಿದೆ. ಹಳೇ ಬಾಗಿಲು ಮಾರುವವರ ವಿದ್ಯೆ ಅದು. ಕೊಳ್ಳುವವನು ಮೂಲೆ ತಿರುಗುವ ತನಕ ನಿಂತರೆ ಸಾಕು.

ಅವನು ಒದ್ದೆ ತಲೆಯಲ್ಲಿ ಬಂದು ನೋಡಿ ಗಾಬರಿಯಾದ. "ಯಾಕ್ ಮುಟ್ಟಿದಿ ಭಾವ?" ಅಂದ. ಆಮೇಲೆ ಹಿಡಿಕೆ ಮೆಲ್ಲಗೆ ಅಲ್ಲಾಡಿಸಿ ನೋಡಿದ. ಗೋಂದು ಹಿಡಿದಿತ್ತು, ಅಲ್ಲಾಡಲಿಲ್ಲ. ಮುಖ ಸಡಿಲವಾಯಿತು. "ಗಟ್ಟಿ ಕೂತೈತೆ ಬಿಡು. ಯಾರಿಗೂ ಹೇಳಬ್ಯಾಡ, ನನ್ನ ತಲೆ ಹೋಗ್ತೈತೆ."

ಯಾರಿಗೂ ಹೇಳಲಿಲ್ಲ. ಮಾತು ಉಳಿಸಿಕೊಂಡೆ, ನೋಡಿ.

ಹಳ್ಳಕ್ಕೆ ಹೊರಟ ದಿನ ಪೂಜಾರಿ ಓಬಯ್ಯ ಬಲಗಡೆ, ತಿಪ್ಪೇಶಿ ಎಡಗಡೆ. ಹೊಸ ಪಂಚೆ ಉಟ್ಟಿದ್ದ, ಎದೆ ಸೆಟೆದಿತ್ತು. ಅವನ ಹೆಂಡತಿ ದಾರಿ ಪಕ್ಕ ನಿಂತು ಅವನ ಕಾಲಿಗೆ ನೀರು ಹಾಕಿದಳು, ಅವ್ವ ಅಳುತ್ತಿದ್ದಳು. ಆ ಮನೆಯಲ್ಲಿ ಅವನ ಬಗ್ಗೆ ಹೆಮ್ಮೆಪಟ್ಟ ದಿನ ಅದೊಂದೇ ಇರಬೇಕು. ಹೋಗುವಾಗ ಏನೂ ಆಗಲಿಲ್ಲ. ನೀರು ಚಿಮುಕಿಸಿದರು. ಒದ್ದೆಯಾದ ಗೋಂದು — ಅದನ್ನೂ ನಾನು ಯೋಚಿಸಿರಲಿಲ್ಲ. ವಾಪಸ್ ಬರುತ್ತಾ ಏರಿ ಹತ್ತುವಾಗ ಭಾರವೆಲ್ಲ ಎಡಕ್ಕೆ ಬಿತ್ತು. ಹಿಡಿಕೆ ತಗಡಿನ ಸಮೇತ ಅವನ ಕೈಯಲ್ಲೇ ಉಳಿಯಿತು. ಪೆಟ್ಟಿಗೆ ಕಲ್ಲಿನ ಮೇಲೆ ಬಿದ್ದು ಮುಚ್ಚಳ ತೆರೆಯಿತು. ಒಳಗಿದ್ದದ್ದು ಮಣ್ಣಿಗೆ ಬಂತು. ಎಲ್ಲರೂ ಕಣ್ಣು ಮುಚ್ಚಿದರು, ಹೆಂಗಸರು ಕೂಗಿದರು. ಏನು ಬಿತ್ತು ಅಂತ ನಾನು ಬರೆಯುವುದಿಲ್ಲ.

ಮೊದಲು ಓಡಿದವನು ನಾನು. ದೇವರಿಗಾಗಿ ಅಲ್ಲ, ಸ್ಕ್ರೂಗಾಗಿ. ಅವನ ಕೈಯಿಂದ ಹಿಡಿಕೆ ಕಿತ್ತುಕೊಂಡೆ. ಸ್ಕ್ರೂಗಳೆಲ್ಲ ತಗಡಿನಲ್ಲೇ ನೇತಾಡುತ್ತಿದ್ದವು, ಒಂದರ ಹಲ್ಲೂ ಸವೆದಿಲ್ಲ, ಹಲ್ಲಿನ ಸಂದಿಯಲ್ಲಿ ಬರೀ ಒದ್ದೆ ಪುಡಿ. ಬಡಗಿಯೊಬ್ಬ ಒಂದು ಸಲ ನೋಡಿದ್ದರೆ ಸಾಕಿತ್ತು. ಎಲ್ಲವನ್ನೂ ಜೇಬಿಗೆ ಇಳಿಸಿ, ಓಬಯ್ಯ ಬಿದ್ದದ್ದನ್ನು ಎತ್ತಿ ಒಳಗಿಟ್ಟ ಮೇಲೆ ಪೆಟ್ಟಿಗೆಗೆ ನನ್ನ ಶಲ್ಯ ಸುತ್ತಿದೆ. ಜನ ಅದನ್ನು ಭಕ್ತಿ ಅಂದುಕೊಂಡರು.

ಗುಡಿ ಮುಂದೆ ಹಿರಿಯರು ಕೂತರು. "ಏಮಯ್ಯಾ, ಯಾಕ್ ಹಿಂಗಾತು?" ಅಂದ ಓಬಯ್ಯ, ನನ್ನ ಕಡೆಯೇ ನೋಡಿ. ಪೇಟೆಯವನು, ಸಾಮಾನು ತಿಳಿದವನು ಅಂತ. ಆಗ ನಾನು ಆಡಿದ ಮಾತು ಇದು, ಅಕ್ಷರ ಬಿಡದೆ ಬರೆಯುತ್ತೇನೆ:

"ಮರ ದೇವ್ರದು, ಅದ್ರಲ್ಲಿ ದೋಷ ಇಲ್ಲ. ಸಾಮಾನು ನಾನೇ ನೋಡಿ ಕೊಟ್ಟಿದ್ದು, ಅದ್ರಲ್ಲೂ ದೋಷ ಇಲ್ಲ. ಇನ್ನು ಉಳಿದಿದ್ದು ಕೈ ಒಂದೇ. ಅದನ್ನ ನೀವೇ ವಿಚಾರಿಸ್ರಿ."

ಅಷ್ಟೇ ಬೇಕಾಗಿತ್ತು ಅವರಿಗೆ. ಒಬ್ಬನಾದರೂ ಹಲಗೆ ಮುಟ್ಟಿ ತೂತು ನೋಡಲಿಲ್ಲ. ಅಷ್ಟು ಜನ ರೈತರು, ನೊಗ ನೇಗಿಲು ಕಟ್ಟಿದ ಕೈಗಳು, ಹಿಡಿಕೆ ಮರದಿಂದ ಕಿತ್ತು ಬಂದದ್ದಕ್ಕೆ ಮನುಷ್ಯನ ಹೊಟ್ಟೆಯೊಳಗೆ ಕಾರಣ ಹುಡುಕಿದವು. "ಕುಡಿದಿದ್ಯೇನಲೇ?" "ಮನೇಲಿ ಮಲಗಿದ್ಯೇನಲೇ?" "ಬಾಡಿನ ಸಾರು ನೆಕ್ಕಿದ್ಯೇನಲೇ?" ಅವನು ಆಣೆ ಮಾಡಿದ. ಕುಡುಕನ ಆಣೆ ಅಂತ ನಕ್ಕರು. ಆ ಜನರ ಮೇಲೆ ನನಗೆ ಇವತ್ತಿಗೂ ತಿರಸ್ಕಾರವಿದೆ — ಮುಚ್ಚಿಡುವುದಿಲ್ಲ. ನಾನು ಕೊಟ್ಟ ಕೆಟ್ಟ ಮಾಲನ್ನು ತಿರುಗಿಸಿಯೂ ನೋಡದೆ ಕೊಂಡವರು ಅವರು. ಆದರೆ ಮಾರಿದವನು ಯಾರು?

"ಯಾರನ್ನಾದ್ರೂ ಒಳಗೆ ಬಿಟ್ಟಿದ್ಯಾ?" ಅಂತ ಓಬಯ್ಯ ಕೊನೆಗೆ ಕೇಳಿದ. ತಿಪ್ಪೇಶಿ ತಲೆ ಎತ್ತಿ ನನ್ನ ನೋಡಿದ. ಜೇಬಿನಲ್ಲಿ ಸ್ಕ್ರೂಗಳು ತೊಡೆಗೆ ಚುಚ್ಚುತ್ತಿದ್ದವು. ನಾನು ಗುಡಿಯ ಗಂಟೆ ನೋಡಿದೆ.

"ಇಲ್ಲ" ಅಂದ ಅವನು. "ಯಾರ್ನೂ ಬಿಟ್ಟಿಲ್ಲ. ತಪ್ಪು ನಂದೇ."

ಎಡ ಹಿಡಿಕೆಯ ಹಕ್ಕು ಅವನ ಮನೆಯಿಂದ ಹೋಯಿತು. ಯಾರಿಗೆ ಬಂತು ಅಂತ ಕೇಳಬೇಡಿ — ಕೇಳಿ, ಹೇಳಲಿಕ್ಕೇ ಕೂತಿದ್ದೇನೆ. ನನಗೆ ಬಂತು. ಶಲ್ಯ ಹೊದಿಸಿದವನಲ್ಲವೇ! ರಿಪೇರಿಯೂ ನನ್ನದೇ, ಪರದೆಯೊಳಗೆ ಒಬ್ಬನೇ. ಆಗಲಾದರೂ ನೆಟ್ಟಗೆ ಮಾಡಿದೆನೇ? ಯಾರಾದರೂ ಬಂದುಬಿಟ್ಟಾರು ಅನ್ನುವ ಅವಸರ. ತೂತುಗಳಿಗೆ ಬೆಂಕಿಕಡ್ಡಿ ತುರುಕಿ, ಗೋಂದು ಹಚ್ಚಿ, ಅವೇ ಸ್ಕ್ರೂ ತಿರುಗಿಸಿದೆ. ಇವತ್ತಿಗೂ ನಮ್ಮ ಮನೆದೇವರ ಎಡ ಮಗ್ಗುಲು ನಿಂತಿರುವುದು ಬೆಂಕಿಕಡ್ಡಿಯ ಮೇಲೆ. ವರ್ಷವರ್ಷ ಆ ಏರಿ ಬಂದಾಗ ನಾನು ಇನ್ನೊಂದು ಕೈಯನ್ನು ಪೆಟ್ಟಿಗೆಯ ಅಡಿಗೆ ಕೊಡುತ್ತೇನೆ. "ನೋಡ್ರಿ ಸಾಹುಕಾರ್ರ ಭಕ್ತಿ, ಎರಡೂ ಕೈ ಹಾಕಿ ಹಿಡೀತಾರೆ" ಅನ್ನುತ್ತಾರೆ. ಮಕ್ಕಳಿಗೆ ತೋರಿಸುತ್ತಾರೆ ನನ್ನನ್ನು.

ತಿಪ್ಪೇಶಿ ಹತಾರ ಮುಟ್ಟುವುದನ್ನೇ ಬಿಟ್ಟ. ಯಾರೂ ಕೆಲಸಕ್ಕೆ ಕರೆಯಲಿಲ್ಲ ಅನ್ನುವುದು ಒಂದು, ಕರೆದರೂ ಹೋಗಲಿಲ್ಲ ಅನ್ನುವುದು ಇನ್ನೊಂದು. ಈಗ ಬೇರೆಯವರ ಕುರಿ ಹಿಂದೆ ಹೋಗುತ್ತಾನೆ. ಕುಡಿತವನ್ನು ಮಾತ್ರ ಮತ್ತೆ ಹಿಡಿಯಲಿಲ್ಲ. ಆ ವ್ರತ ಮುಗಿಯಿತು ಅಂತ ಅವನಿಗೆ ಯಾರೂ ಹೇಳಲಿಲ್ಲವಲ್ಲ.

ಮೊನ್ನೆ ಅಂಗಡಿಗೆ ಬಂದಿದ್ದ. ಮನೆ ಬಾಗಿಲಿಗೆ ಚಿಲಕ ಬೇಕಂತೆ. ಕೊಟ್ಟೆ. ಸ್ಕ್ರೂ ಕೊಟ್ಟೆ. ಅಭ್ಯಾಸಬಲದಿಂದ ಬಿಟ್ ಕೈಗೆತ್ತಿಕೊಂಡು, "ಬೆಳಕಿಗೆ ಹಿಡಿದು ನೋಡು, ಹಲ್ಲು ಎರಡೂ ಕಡೆ…" ಅಂತ ಶುರುಮಾಡಿದೆ.

"ನಂಗ್ಯಾಕ್ ಹೇಳ್ತೀಯ ಭಾವ?" ಅಂದ. "ಚಿಲಕ ಹಾಕಾಕೆ ಯಾರ್ನಾದ್ರೂ ಕಳಿಸು. ನಾನು ಹಾಕಲ್ಲ. ನನ್ನ ಕೈ ಸರಿಯಿಲ್ಲ."

ತನ್ನ ಮನೆಯ ಬಾಗಿಲಿಗೆ ಒಂದು ಚಿಲಕ. ಬಡಗಿ.

ಆಮೇಲೆ ದನಿ ತಗ್ಗಿಸಿ, ಗಿರಾಕಿಗಳಿಗೆ ಕೇಳದ ಹಾಗೆ ಅಂದ: "ಅವತ್ತು ನಿನ್ನ ಒಳಗೆ ಬಿಟ್ಟೆನಲ್ಲ, ಅದೇ ತಪ್ಪಾತು. ಕಟ್ಟು ಮುರಿದೋನು ನಾನು. ನೀನು ಒಳ್ಳೇದಕ್ಕೇ ಮಾಡಿದ್ದಿ, ಅದಕ್ಕೇ ನಿನ್ನ ಹೆಸರು ತೆಗೀಲಿಲ್ಲ. ನೀನು ಮನಸ್ಸಿಗೆ ಹಚ್ಕಬ್ಯಾಡ ಭಾವ."

ನಾನು ಏನಂದೆ ಗೊತ್ತೇ? "ಆಗ್ಲಿ ಬಿಡು, ದೇವರು ದೊಡ್ಡವನು" ಅಂದೆ. ಚಿಲಕಕ್ಕೆ ದುಡ್ಡು ಬೇಡ ಅಂದೆ. ಅವನು ಎಣಿಸಿ ಇಟ್ಟು ಹೋದ.

ಊರನ್ನು ಬೈದೆ, ಸುತ್ತಿಗೆಯ ಶೂರರನ್ನು ಬೈದೆ, ತಿಪ್ಪೇಶಿಯನ್ನೂ ಬಡಾಯಿಕೋರ ಅಂದೆ. ಇಷ್ಟು ಬರೆದ ಮೇಲೆ ನೋಡಿದರೆ ನನ್ನ ತಿರಸ್ಕಾರಕ್ಕೆ ನೆಟ್ಟಗೆ ಕೂರುವ ಜಾಗ ಒಂದೇ ಇದೆ. ಅವನ ಬಲ ಹಿಡಿಕೆ ಇವತ್ತಿಗೂ ಅಲ್ಲಾಡಿಲ್ಲ. ಬಡಾಯಿಯಾಗಿರಲಿಲ್ಲ ಅದು, ಆ ಒಂದು ಸಲವಾದರೂ.

ತಿಪ್ಪೇಶಿ, ಇನ್ನು ಸ್ವಲ್ಪ ದಿನಕ್ಕೆ ಪೆಟ್ಟಿಗೆ ಹಳ್ಳಕ್ಕೆ ಹೊರಡುತ್ತೆ. ನೀನು ದೂರದ ಬೇಲಿ ಪಕ್ಕ ಕುರಿ ನಿಲ್ಲಿಸಿಕೊಂಡು ನೋಡುತ್ತೀಯ, ನನಗೆ ಗೊತ್ತು, ಪ್ರತಿ ವರ್ಷ ಕಾಣುತ್ತೀಯ. ಈ ಸಲ ಗುಡಿ ಬಿಡುವ ಮುಂಚೆಯೇ ನಾನು ಪೆಟ್ಟಿಗೆಯನ್ನು ಎಲ್ಲರ ಮುಂದೆ ಕೆಳಗಿಡಿಸುತ್ತೇನೆ. ಎಡ ಹಿಡಿಕೆ ಬಿಚ್ಚುತ್ತೇನೆ. ಬೆಂಕಿಕಡ್ಡಿ ಉದುರುತ್ತೆ. ತಗಡಿನಡಿಯಲ್ಲಿ ನಾನು ಮುರಿದ ಹಿತ್ತಾಳೆ ತುಂಡು ಇನ್ನೂ ಹಾಗೇ ಇದೆ, ಓಬಯ್ಯನ ಬೆರಳು ಹಿಡಿದು ಮುಟ್ಟಿಸುತ್ತೇನೆ. ಅವತ್ತಿನ ದಪ್ಪ ಬಿಟ್ ಕೂಡ ತರುತ್ತೇನೆ, ಬಿಸಾಡಿಲ್ಲ. ತೂತಿಗೆ ಇಟ್ಟು ತೋರಿಸುತ್ತೇನೆ. ಒಳಗೆ ಬಂದವನು ನಾನು, ಕೊರೆದವನು ನಾನು, ಮುಚ್ಚಿದವನು ನಾನು ಅಂತ ಚೌಕಾಸಿಯಿಲ್ಲದೆ ಹೇಳುತ್ತೇನೆ.

ಆಮೇಲೆ ಹಿಡಿಕೆಯನ್ನು ನಾನು ಮತ್ತೆ ಹಾಕುವುದಿಲ್ಲ. ಅದು ಬೇಲಿಯಿಂದ ನಿನಗೆ ಕಾಣುವ ಹಾಗೆ ನೆಲದ ಮೇಲಿರುತ್ತೆ, ತೂತುಗಳು ತೆರೆದಿರುತ್ತವೆ. ನೀನು ಹತಾರ ಎತ್ತಿದರೆ ಎತ್ತು. ಎತ್ತದೆ, ನನ್ನ ಮುಖ ನೋಡದೆ, ಕುರಿ ಹೊಡೆದುಕೊಂಡು ಹೋದರೆ — ಕರೆಯುವ ಹಕ್ಕು ನನಗಿಲ್ಲ.